ಹಿನ್ನೀರಿನ ಹಕ್ಕಿಯನ್ನು ಸ್ಥಳದಲ್ಲೇ ಕೂತು ಚಿತ್ರಿಸುವುದು ಹೇಗೆ: ಹಂತ ಹಂತವಾಗಿ

ಆಲಮಟ್ಟಿ ಹಿನ್ನೀರಿನ ದಂಡೆಗೆ ಬಣ್ಣದ ಡಬ್ಬಿ ಹಿಡಿದು ಹೋದವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ. ರೆಕ್ಕೆ ಬಿಡಿಸುವಷ್ಟರಲ್ಲಿ ಹಕ್ಕಿ ಎದ್ದು ಹೋಯಿತು. ಹಕ್ಕಿ ನಿಂತಿದ್ದರೂ ಹಾಳೆಯ ಮೇಲೆ ಗೊಂಬೆಯಂತೆ ಬಂತು. ಬೆಳ್ಳಕ್ಕಿ ಬರೆಯಲು ಹೋದರೆ ಬೂದಿ ಬಣ್ಣದ ಹಕ್ಕಿಯಾಯಿತು. ಈ ಮೂರಕ್ಕೂ ಕಾರಣ ಕೈಯಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಹೆಚ್ಚಿನವರು ಕಣ್ಣು, ಕೊಕ್ಕಿನಿಂದ ಶುರುಮಾಡಿ, ಗರಿ ಎಣಿಸಿ, ಕೊನೆಗೆ ಕಾಲು ಅಂಟಿಸುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು: ಮೊದಲು ದೂರ, ಆಮೇಲೆ ನೋಟ, ಆಮೇಲೆ ಮೈಯ ಭಾರ, ಗರಿ ಎಲ್ಲಕ್ಕಿಂತ ಕಡೆಗೆ.

## ಹಂತ 1: ಜಾಗ ಮತ್ತು ತಿಂಗಳು ಗೊತ್ತು ಮಾಡಿಕೊಳ್ಳಿ

ಮಳೆಗಾಲದಲ್ಲಿ ಆಲಮಟ್ಟಿ ತುಂಬಿದಾಗ ನೀರು ಹೊಲದ ಅಂಚಿಗೆ ಬಂದು ನಿಲ್ಲುತ್ತದೆ. ಕೆಸರು ದಂಡೆಯೇ ಇಲ್ಲದ ಮೇಲೆ ನಡೆದು ಮೇಯುವ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಚಳಿಗಾಲದಲ್ಲಿ ನೀರು ಇಳಿಯುತ್ತ ಬಂದ ಹಾಗೆ ಬೀಳಗಿ ತಾಲ್ಲೂಕಿನ ಹೆರಕಲ್ ಸುತ್ತ, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಕಡೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ರಾಜಹಂಸ (ಫ್ಲೆಮಿಂಗೊ), ಚಮಚ ಕೊಕ್ಕು, ಮೆಟ್ಟುಗಾಲ ಹಕ್ಕಿ, ಬಣ್ಣದ ಕೊಕ್ಕರೆಗಳನ್ನು ಚಿತ್ರಿಸಲು ಇದು ಒಳ್ಳೆಯ ಜಾಗ. ಪಟ್ಟೆತಲೆ ಹೆಬ್ಬಾತು ಬೇಕಿದ್ದರೆ ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಹೋಗಿ. ಬಿಸಿಲು ಏರುವ ಹೊತ್ತಿಗೆ ಅವು ಉತ್ತರಕ್ಕೆ ಹೊರಟಿರುತ್ತವೆ.

ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಘೋಷಣೆಯಾದದ್ದು. ಧೂಪದಾಳ ಒಡ್ಡಿನ ಹಿಂದೆ ನಿಂತ ನೀರು, ನಡುವೆ ನಡುಗಡ್ಡೆಗಳು ಇರುವುದರಿಂದ ಮರದ ಮೇಲೆ ಕೂರುವ ಹಕ್ಕಿಗಳು ಅಲ್ಲಿ ಸಿಗುತ್ತವೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ. ವಿಜಯಪುರದವರಿಗೆ ಭೂತನಾಳ ಕೆರೆ ಹತ್ತಿರ.

ಈಗಷ್ಟೇ ಶುರುಮಾಡುವವರು ಇಷ್ಟು ದೂರವೂ ಹೋಗಬೇಕಾಗಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿದ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವಾಗ ಹಿಂದೆ ಸಾಲುಗಟ್ಟುವ ಗೋವಕ್ಕಿಗಳು, ಹಳ್ಳದ ದಂಡೆಯಲ್ಲಿ ಗೂನು ಬೆನ್ನು ಮಾಡಿ ಕೂರುವ ಕೊಳದ ಬಕ ಇವೆಯಲ್ಲ, ಮೊದಲ ಎರಡು ತಿಂಗಳಿಗೆ ಅವೇ ಸಾಕು. ಕೊಳದ ಬಕ ಒಂದೇ ಭಂಗಿಯಲ್ಲಿ ಹತ್ತು ನಿಮಿಷ ನಿಲ್ಲಬಲ್ಲದು, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ರಾಜಹಂಸದಿಂದಲೇ ಶುರುಮಾಡುತ್ತೇನೆ ಎನ್ನುವವರು ಸಾಮಾನ್ಯವಾಗಿ ಎರಡನೇ ಸಲ ದಂಡೆಗೆ ಬರುವುದಿಲ್ಲ.

ಹೊತ್ತಿನ ಲೆಕ್ಕ: ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಜಾಗದಲ್ಲಿ ಕೂತಿರಬೇಕು. ಸೂರ್ಯ ನಿಮ್ಮ ಬೆನ್ನಿಗಿರಲಿ, ಅಂದರೆ ಬೆಳಿಗ್ಗೆ ನೀರಿನ ಪೂರ್ವ ದಂಡೆ, ಸಂಜೆ ಪಶ್ಚಿಮ ದಂಡೆ. ಎದುರು ಬಿಸಿಲಿಗೆ ಕೂತರೆ ಹಕ್ಕಿಯ ಹೊರ ಆಕಾರ ಸಿಗುತ್ತದೆ, ಬಣ್ಣ ಸಿಗುವುದಿಲ್ಲ.

## ಹಂತ 2: ಚೀಲದಲ್ಲಿ ಏನಿರಬೇಕು

ದುರ್ಬೀನು 8×42 ಇರಲಿ, ಅಂದರೆ 8 ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮುಂಗಾಜಿನದು. 10 ಪಟ್ಟಿನದು ಹೆಚ್ಚು ಹತ್ತಿರ ತೋರಿಸುತ್ತದೆ, ಆದರೆ ಒಂದು ಕೈಯಲ್ಲಿ ಪೆನ್ಸಿಲ್ ಇರುವಾಗ ಇನ್ನೊಂದೇ ಕೈಯಲ್ಲಿ ಹಿಡಿದರೆ ನಡುಗುತ್ತದೆ. ಹೆರಕಲ್ಲಿನಂಥ ಬಯಲಿಗೆ ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಿಂದ ನೋಡುವ ಚಿಕ್ಕ ದೂರದರ್ಶಕ) ಸಿಕ್ಕರೆ ಕೆಲಸ ಅರ್ಧ ಹಗುರ, ಎರಡೂ ಕೈ ಬಿಡುವಾಗುತ್ತವೆ. ಅದನ್ನು 20 ಅಥವಾ 25 ಪಟ್ಟಿಗೆ ಇಟ್ಟು ಬಿಡಿ. 60ಕ್ಕೆ ಏರಿಸಿದರೆ ಹಕ್ಕಿಗಿಂತ ಬಿಸಿಗಾಳಿಯ ಅಲೆಯೇ ದೊಡ್ಡದಾಗಿ ಕಾಣುತ್ತದೆ.

ಹಾಳೆ ಎರಡು ಬಗೆ. ಪೆನ್ಸಿಲ್ ಗೀಚಲು ಸಾದಾ ಎ5 ಪುಸ್ತಕ, ಅಗ್ಗದ್ದೇ ಆಗಲಿ. ದುಬಾರಿ ಹಾಳೆ ಮುಂದಿದ್ದರೆ ಕೈ ಹೆದರುತ್ತದೆ, ಗೆರೆ ಬಿಗಿಯಾಗುತ್ತದೆ. ಬಣ್ಣಕ್ಕೆ ಮಾತ್ರ 300 ಜಿಎಸ್‌ಎಂ ಕೋಲ್ಡ್ ಪ್ರೆಸ್ಡ್ (ಮೈ ತುಸು ಒರಟಾದ) ಜಲವರ್ಣ ಹಾಳೆ. ಅದಕ್ಕಿಂತ ತೆಳುವಾದದ್ದು ನೀರು ಬಿದ್ದ ಕೂಡಲೇ ಸುಕ್ಕಾಗಿ ಬಣ್ಣ ಗುಳಿಯಲ್ಲಿ ನಿಲ್ಲುತ್ತದೆ.

ಪೆನ್ಸಿಲ್ 2ಬಿ ಒಂದು, 4ಬಿ ಒಂದು. ರಬ್ಬರ್ ಮನೆಯಲ್ಲೇ ಬಿಡಿ. ದುಂಡು ಬ್ರಷ್ 8 ಮತ್ತು 4, ಎರಡೇ. ಬಣ್ಣಗಳು ಎಂಟು: ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಯೆಲ್ಲೋ ಆಕರ್, ಲೆಮನ್ ಯೆಲ್ಲೋ, ಕ್ವಿನಾಕ್ರಿಡೋನ್ ರೋಸ್, ಕ್ಯಾಡ್ಮಿಯಮ್ ರೆಡ್. ಟ್ಯೂಬಿನ ಕಪ್ಪು ಬೇಡ. ಬಿಳಿ ಗ್ವಾಷ್ (ಕೆಳಗಿನದನ್ನು ಮುಚ್ಚುವ ದಟ್ಟ ಜಲವರ್ಣ) ಒಂದು ಟ್ಯೂಬ್ ಇರಲಿ, ಕಣ್ಣಿನ ಹೊಳಪಿನ ಒಂದು ಚುಕ್ಕೆಗೆ ಮಾತ್ರ.

ಬ್ರಷ್ ತೊಳೆಯಲು ಒಂದು ಲೀಟರ್ ನೀರು, ಕುಡಿಯಲು ಬೇರೆ ಎರಡು ಲೀಟರ್. ತೊಳೆದ ನೀರನ್ನು ಹಿನ್ನೀರಿಗೆ ಚೆಲ್ಲಬೇಡಿ, ಕ್ಯಾಡ್ಮಿಯಮ್ ವಿಷ. ಮುಚ್ಚಳವಿರುವ ಬಾಟಲಿಯಲ್ಲಿ ವಾಪಸ್ ತನ್ನಿ. ಮಣ್ಣಿನ ಬಣ್ಣದ ಅಂಗಿ, ತುದಿ ಅಗಲವಿರುವ ಟೊಪ್ಪಿಗೆ, ನೆಲಕ್ಕೆ ಹತ್ತಿರ ಕೂರುವ ಮಡಚು ಸ್ಟೂಲ್. ಬಿಳಿ ಅಂಗಿ, ಬಿಳಿ ಟೋಪಿ ಬಯಲಿನಲ್ಲಿ ಒಂದು ಕಿಲೋಮೀಟರ್ ದೂರಕ್ಕೂ ಕಾಣುತ್ತವೆ.

## ಹಂತ 3: ದಂಡೆಗೆ ಇಳಿಯುವುದು

ಇಲ್ಲಿ ಅವಸರ ಪ್ರಾಣಕ್ಕೇ ಎರವು. ಹಿನ್ನೀರು ಇಳಿದ ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿಯಾಗಿಯೇ ಇರುತ್ತದೆ. ಬಿರುಕಿನ ಒಳಗೆ ಕಪ್ಪು ತೇವ ಕಂಡರೆ, ಕಾಲಿಟ್ಟಾಗ ನೆಲ ಸ್ವಲ್ಪ ಅದುರಿದರೆ, ಅಥವಾ ದನದ ಗೊರಸಿನ ಗುರುತಿನಲ್ಲಿ ನೀರು ಜಿನುಗುತ್ತಿದ್ದರೆ ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ. ಮೊಣಕಾಲವರೆಗೆ ಹೂತರೆ ಒಬ್ಬರೇ ಎದ್ದು ಬರುವುದು ಕಷ್ಟ. ಕೋಲು ಚುಚ್ಚಿ ನೋಡುತ್ತ ನಡೆಯಿರಿ, ಒಬ್ಬರೇ ಹೋಗಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಆದ್ದರಿಂದ ನೀರಿನ ಅಂಚಿನಲ್ಲಿ ಕೂರುವುದೂ ಬೇಡ. ಕುರಿಗಾರರು, ಮೀನುಗಾರರು ದಿನವೂ ಓಡಾಡುವ ದಾರಿ ಕೇಳಿಕೊಂಡು ಅದರಲ್ಲೇ ಇಳಿಯುವುದು ಒಳ್ಳೆಯದು. ಅಣೆಕಟ್ಟೆಯ ಗೋಡೆ, ಗೇಟುಗಳ ಬಳಿ ದುರ್ಬೀನು ಹಿಡಿದು ನಿಂತರೆ ಭದ್ರತಾ ಸಿಬ್ಬಂದಿ ವಿಚಾರಿಸುತ್ತಾರೆ, ಆ ಜಾಗ ಬಿಟ್ಟು ಬಿಡಿ.

ರಾಜಹಂಸದ ಹಿಂಡಿಗೆ 150ರಿಂದ 200 ಮೀಟರ್ ದೂರ ಬಿಡಿ. ನೇರ ಹಿಂಡಿನ ಕಡೆ ನಡೆಯದೆ ಓರೆಯಾಗಿ, ಬೇರೆಲ್ಲೋ ಹೋಗುವವರಂತೆ ನಡೆಯಿರಿ. ಹಕ್ಕಿ ಹಾರುವ ಮೊದಲು ಹೇಳಿಯೇ ಹಾರುತ್ತದೆ. ನೀರಲ್ಲಿದ್ದ ತಲೆಗಳು ಒಂದೊಂದಾಗಿ ಮೇಲೇಳುವುದು ಮೊದಲ ಸೂಚನೆ. ಕತ್ತು ನೆಟ್ಟಗಾಗಿ ಎಲ್ಲವೂ ಒಂದೇ ಕಡೆ ಮುಖ ಮಾಡಿದರೆ ಎರಡನೆಯದು. ಚದುರಿದ ಹಿಂಡು ಒತ್ತಾಗಿ ನಡೆಯತೊಡಗಿದರೆ ಇನ್ನು ಕ್ಷಣಗಳು ಮಾತ್ರ. ಮೊದಲ ಸೂಚನೆಗೇ ನಿಲ್ಲಿ, ಕೂರಿ. ಎರಡನೆಯದು ಕಂಡರೆ ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ. ದೂರದಿಂದ ಬಂದ ಹಕ್ಕಿಗೆ ಮೇವಿನ ಹೊತ್ತು ಎಂದರೆ ಬದುಕು. ಒಂದು ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸುವುದು ತಪ್ಪು.

ಗೂಡಿನ ವಿಷಯದಲ್ಲಿ ಇನ್ನೂ ಬಿಗಿ ಇರಲಿ. ಬೇಸಿಗೆಯಲ್ಲಿ ಟಿಟ್ಟಿಭ ಬರೀ ನೆಲದ ಮೇಲೆ, ನದಿ ರೀವ (ರಿವರ್ ಟರ್ನ್) ನಡುಗಡ್ಡೆಯ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕೂಗುತ್ತಿದೆ ಎಂದರೆ ನೀವು ಮೊಟ್ಟೆಯ ಹತ್ತಿರವೇ ಇದ್ದೀರಿ. ಬಂದ ದಾರಿಯಲ್ಲೇ, ಕಾಲ ಕೆಳಗೆ ನೋಡುತ್ತ ಹಿಂದೆ ಹೋಗಿ. ತಾಯಿ ಎದ್ದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಕಿಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ.

## ಹಂತ 4: ಮೊದಲ ಇಪ್ಪತ್ತು ನಿಮಿಷ ಬರೀ ನೋಟ

ಪೆನ್ಸಿಲ್ ಚೀಲದಲ್ಲೇ ಇರಲಿ. ಒಂದೇ ಹಕ್ಕಿಯನ್ನು ಆರಿಸಿ ಅದನ್ನೇ ನೋಡಿ. ಹುಡುಕಬೇಕಾದದ್ದು ಪದೇ ಪದೇ ಬರುವ ಭಂಗಿ. ಚಮಚ ಕೊಕ್ಕು ನೀರಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತದೆ, ಆ ಬೀಸು ನಿಮಿಷಕ್ಕೆ ಎಷ್ಟೋ ಸಲ ಮರಳುತ್ತದೆ. ಮಿಂಚುಳ್ಳಿ ಮೀನು ಹಿಡಿದು ಮತ್ತೆ ಅದೇ ಕೊಂಬೆಗೆ ಬರುತ್ತದೆ. ರಾಜಹಂಸ ತಲೆಯನ್ನು ಬುಡಮೇಲು ಮಾಡಿ ಮೇಯುತ್ತದೆ. ಆಗ ಅದರ ಮೇಲ್ಗೊಕ್ಕು ಕೆಳಗಿರುತ್ತದೆ. ಇದನ್ನು ಗಮನಿಸದೆ ಬರೆದವರ ಚಿತ್ರದಲ್ಲಿ ಕೊಕ್ಕು ತಿರುಗಾಮುರುಗಾ ಆಗಿರುತ್ತದೆ.

ಭಂಗಿ ಮರಳಿ ಬರುತ್ತದೆ ಎಂದು ಗೊತ್ತಾದ ಮೇಲೆ ಹಕ್ಕಿ ಅಲುಗಿದರೂ ಗಾಬರಿಯಿಲ್ಲ. ಈ ಹಂತವನ್ನು ಬಿಟ್ಟವರೇ "ಬಿಡಿಸುವಷ್ಟರಲ್ಲಿ ಹೋಯಿತು" ಎನ್ನುವವರು.

ಕಣ್ಣು ಮುಚ್ಚಿ ಹಕ್ಕಿಯನ್ನು ನೆನೆದು ನೋಡಿ. ಬೆನ್ನು ನೆಲಕ್ಕೆ ಎಷ್ಟು ಓರೆ? ಕತ್ತು ಮೈಗಿಂತ ಉದ್ದವೋ, ಗಿಡ್ಡವೋ? ಕಾಲು ಹೊಟ್ಟೆಯ ನಡುವಿನಿಂದ ಇಳಿದಿದೆಯೋ, ಹಿಂದಿನಿಂದಲೋ? ಉತ್ತರ ಬರಲಿಲ್ಲ ಎಂದರೆ ಇನ್ನೂ ಐದು ನಿಮಿಷ ನೋಡಬೇಕು.

## ಹಂತ 5: ಓರೆಗೆರೆ, ಮೊಟ್ಟೆ, ತೂಗುಗೆರೆ

ಇಡೀ ಚಿತ್ರ ನಿಲ್ಲುವುದು ಈ ಹಂತದ ಮೇಲೆ. ಹೊತ್ತು ಹೆಚ್ಚಾದರೂ ಇಲ್ಲಿಯೇ ಹೆಚ್ಚಾಗಲಿ.

ಮೊದಲ ಗೆರೆ ಮೈಯ ಓರೆ. ಕೊಳದ ಬಕ ಗೂನಾಗಿ ಕೂತಾಗ ಆ ಗೆರೆ ಸುಮಾರು 45 ಡಿಗ್ರಿ ಇರುತ್ತದೆ, ಮೇಯುವ ರಾಜಹಂಸದಲ್ಲಿ ಹೆಚ್ಚುಕಡಿಮೆ ಮಲಗಿರುತ್ತದೆ. ಒಂದೇ ಏಟಿಗೆ ಎಳೆಯಿರಿ. ಆ ಗೆರೆಯ ಮೇಲೆ ಮೊಟ್ಟೆಯಾಕಾರ, ದಪ್ಪ ತುದಿ ಎದೆಯ ಕಡೆ. ತಲೆಗೆ ಚಿಕ್ಕ ಸುತ್ತು. ತಲೆಗೂ ಮೈಗೂ ನಡುವೆ ಕತ್ತಿನ ಗೆರೆ. ಕತ್ತು ಹೆಗಲಿನ ಮೇಲೆ ನೆಟ್ಟ ಕೊಳವೆಯಂತೆ ಬರಬಾರದು. ಅದು ಎದೆಯೊಳಗಿಂದಲೇ ಹೊರಡುತ್ತದೆ, ಆದ್ದರಿಂದ ಗೆರೆಯನ್ನು ಮೊಟ್ಟೆಯ ಒಳಗಿನಿಂದಲೇ ಎಳೆಯಿರಿ.

ಈಗ ತೂಗುಗೆರೆ. ಗೌಂಡಿ ಗೋಡೆಗೆ ತೂಗುಗುಂಡು ಬಿಟ್ಟ ಹಾಗೆ, ಮೊಟ್ಟೆಯ ನಡುವಿಗಿಂತ ಸ್ವಲ್ಪ ಮುಂದಿನಿಂದ ನೇರ ಕೆಳಗೆ ಗೆರೆ ಬಿಡಿ. ಹಕ್ಕಿ ಎರಡು ಕಾಲಿನ ಮೇಲಿದ್ದರೆ ಪಾದಗಳು ಆ ಗೆರೆಯ ಅಕ್ಕಪಕ್ಕ ಬೀಳಬೇಕು, ಒಂಟಿ ಕಾಲಿನ ಮೇಲಿದ್ದರೆ ಪಾದ ಗೆರೆಯ ಮೇಲೆಯೇ ಬೀಳಬೇಕು. ಪಾದ ಹಿಂದೆ ಬಿದ್ದರೆ ಹಕ್ಕಿ ಮುಗ್ಗರಿಸಿದಂತೆ ಕಾಣುತ್ತದೆ. ಎಷ್ಟು ಚೆಂದದ ಬಣ್ಣ ಹಚ್ಚಿದರೂ ಆ ತಪ್ಪು ಮುಚ್ಚುವುದಿಲ್ಲ.

ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಹೊಟ್ಟೆಯ ಗರಿಗಳೊಳಗೆ ಅಡಗಿರುತ್ತದೆ. ಆದ್ದರಿಂದ ಕಾಲನ್ನು ಹೊಟ್ಟೆಯ ಕೆಳ ಅಂಚಿಗೆ ಅಂಟಿಸದೆ, ಮೈಯೊಳಗಿಂದ ಬಂದಂತೆ ಎಳೆಯಿರಿ.

ಮೆಟ್ಟುಗಾಲ ಹಕ್ಕಿ ಬರೆಯುವವರು ತಪ್ಪದೇ ಮಾಡುವುದು ಕಾಲನ್ನು ಗಿಡ್ಡ ಮಾಡುವುದು. ಇಷ್ಟುದ್ದ ಇರಲಾರದು ಎಂದು ಮನಸ್ಸು ಕೈಯನ್ನು ತಡೆಯುತ್ತದೆ. ಅದಕ್ಕೆ ಅಳತೆ ಬೇಕು. ಕೊಕ್ಕಿನ ಉದ್ದವನ್ನು ಒಂದು ಅಳತೆ ಎಂದುಕೊಳ್ಳಿ. ಮೈಗೆ ಎಷ್ಟು ಕೊಕ್ಕು, ಕಾಲಿಗೆ ಎಷ್ಟು ಕೊಕ್ಕು ಎಂದು ದುರ್ಬೀನಿನಲ್ಲಿ ಎಣಿಸಿ, ಹಾಳೆಯ ಅಂಚಿನಲ್ಲಿ ಬರೆದಿಟ್ಟು, ಆ ಲೆಕ್ಕಕ್ಕೆ ಗೆರೆ ಎಳೆಯಿರಿ. ಕಣ್ಣಿಗೆ ನಂಬಿಕೆ ಬಾರದಿದ್ದರೂ ಲೆಕ್ಕವನ್ನು ನಂಬಿ.

## ಹಂತ 6: ಒಂದು ಪುಟದಲ್ಲಿ ಹತ್ತು ಅರೆಚಿತ್ರ

ಹಕ್ಕಿ ಅಲುಗಿದ ಕೂಡಲೇ ಆ ಚಿತ್ರ ಬಿಡಿ, ಪಕ್ಕದಲ್ಲಿ ಹೊಸದು ಶುರುಮಾಡಿ. ಮೊದಲ ಭಂಗಿ ಮರಳಿದಾಗ ಹಳೆಯದಕ್ಕೆ ಹಿಂತಿರುಗಿ ಎರಡು ಗೆರೆ ಸೇರಿಸಿ. ಹೀಗೆ ಮೂರ್ನಾಲ್ಕು ಚಿತ್ರ ಒಟ್ಟೊಟ್ಟಿಗೆ ಬೆಳೆಯುತ್ತವೆ. ಒಂದೊಂದಕ್ಕೆ 15ರಿಂದ 30 ಸೆಕೆಂಡ್ ಸಾಕು. ಅಲುಗಿದ ಹಕ್ಕಿಯನ್ನು ನೆನಪಿನಿಂದ ಪೂರ್ತಿ ಮಾಡಲು ಹೋದರೆ ತಲೆ ಒಂದು ಭಂಗಿಯದು, ಕಾಲು ಇನ್ನೊಂದರದು ಆಗುತ್ತದೆ. ಗೊಂಬೆಯಂಥ ಹಕ್ಕಿ ಹುಟ್ಟುವುದು ಹೀಗೆ.

ಮಳೆಗಾಲದಲ್ಲಿ ಈ ಅಭ್ಯಾಸಕ್ಕೆ ಗೀಜಗದ ಗೂಡಿನಂಥ ಪಾಠಶಾಲೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾವಿಯ ಮೇಲೆ ಬಾಗಿದ ಜಾಲಿ, ಈಚಲು ಗಿಡಗಳಲ್ಲಿ ಗಂಡು ಗೀಜಗ ನಾರು ತರುತ್ತದೆ, ನೇಯುತ್ತದೆ, ಅರ್ಧ ಮುಗಿದ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತದೆ, ಮತ್ತೆ ನಾರಿಗೆ ಹೋಗುತ್ತದೆ. ಅದೇ ನಾಲ್ಕು ಭಂಗಿ ಬೆಳಿಗ್ಗೆಯಿಡೀ ನಡೆಯುತ್ತವೆ. ಗೂಡಿನ ಕೆಳಗೆ ನಿಲ್ಲದೆ, 30 ಮೀಟರ್ ಆಚೆ ಒಡ್ಡಿನ ಮೇಲೆ ಕೂತು ಬರೆಯಿರಿ.

ಬಯಲಿನಲ್ಲಿ ಫೆಬ್ರವರಿ ನಂತರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಬಿಸಿಗಾಳಿ ಏಳುತ್ತದೆ. ದೂರದ ಹಕ್ಕಿಯ ಕಾಲು ಮೈಯಿಂದ ಬೇರೆಯಾಗಿ ತೇಲಿದಂತೆ ಕಂಡರೆ ವಿವರ ಬರೆಯುವ ಹೊತ್ತು ಮುಗಿಯಿತು. ಆಗ ಹಿಂಡಿನ ಒಟ್ಟು ಆಕಾರ, ದಂಡೆಯ ಗೆರೆ, ದೂರದ ಗುಡ್ಡ ಬರೆದುಕೊಳ್ಳಿ.

## ಹಂತ 7: ಗರಿಯನ್ನು ಗುಂಪಾಗಿ ನೋಡಿ, ಮಾತಿನಲ್ಲಿ ಬರೆದಿಡಿ

ಒಂದೊಂದು ಗರಿ ಬಿಡಿಸಿದರೆ ಹಕ್ಕಿ ಮೀನಿನ ಪೊರೆ ಹೊದ್ದಂತಾಗುತ್ತದೆ. ಮಡಿಸಿದ ರೆಕ್ಕೆಯಲ್ಲಿ ಗುಂಪುಗಳಿವೆ: ಹೆಗಲ ಮೇಲಿನ ಗರಿ, ಅದರ ಕೆಳಗೆ ಹೊದಿಕೆ ಗರಿಯ ಸಾಲುಗಳು, ಅದರಾಚೆ ಹಾರುವ ಗರಿ. ಗುಂಪಿನ ಗಡಿಗೆರೆ ಮಾತ್ರ ಎಳೆಯಿರಿ. ಗರಿಯ ಅಂಚನ್ನು ತೋರಿಸಲೇಬೇಕಿದ್ದರೆ ನೆರಳಿನ ಕಡೆ ನಾಲ್ಕೈದು ಸಾಕು.

ಕಣ್ಣನ್ನು ಈಗ ಇಡಿ, ಅದಕ್ಕೂ ಮೊದಲಲ್ಲ. ಕೊಕ್ಕಿನ ಎರಡು ದಳ ಸೇರುವ ಗೆರೆಯನ್ನು ಹಿಂದಕ್ಕೆ ಎಳೆದು ನೋಡಿ, ಕಣ್ಣು ಅದರ ಮೇಲೆ, ತಲೆಯ ಮುಂಭಾಗಕ್ಕೆ ಬರುತ್ತದೆ. ಕಣ್ಣು ಹಿಂದೆ ಸರಿದರೆ ಹಕ್ಕಿ ಮಂಕಾಗಿ ಕಾಣುತ್ತದೆ.

ಚಿತ್ರದ ಪಕ್ಕ ಪೆನ್ಸಿಲಿನಲ್ಲಿ ಬರೆಯಿರಿ: "ಹೊಟ್ಟೆಯ ಕೆಳಗೆ ಕೆಸರಿನ ಕಂದು ಹೊಳಪು", "ಕಾಲು ಹಸಿ, ಬಣ್ಣ ಗಾಢ", "ಬೆಳಕು ಎಡದಿಂದ, 7.10". ಮೊಬೈಲ್ ಚಿತ್ರ ತೆಗೆದುಕೊಳ್ಳಿ, ಆದರೆ ಅದು ರೆಕ್ಕೆಯ ಪಟ್ಟೆ ಎಷ್ಟಿತ್ತು ಎಂದು ನೋಡಲು ಮಾತ್ರ. ಬಿಳಿ ಹಕ್ಕಿಯ ನೆರಳಿನ ಬಣ್ಣ ಮೊಬೈಲಿನಲ್ಲಿ ಬರುವುದಿಲ್ಲ.

## ಹಂತ 8: ಬಣ್ಣ

ಹಾಳೆ ನಿಮ್ಮ ನೆರಳಿನಲ್ಲಿರಲಿ. ನೇರ ಬಿಸಿಲಿನಲ್ಲಿ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಅದನ್ನು ತಗ್ಗಿಸಲು ಗೊತ್ತಿಲ್ಲದೆಯೇ ಬಣ್ಣ ಗಾಢ ಮಾಡುತ್ತೀರಿ, ಮನೆಗೆ ತಂದರೆ ಚಿತ್ರ ಕಪ್ಪಿಟ್ಟಿರುತ್ತದೆ.

ಬೇಸಿಗೆಯ ಒಣಗಾಳಿಗೆ ತೆಳುಬಣ್ಣ ನೋಡನೋಡುತ್ತ ಒಣಗಿ ಅಂಚಿನಲ್ಲಿ ಗೆರೆ ಕಟ್ಟುತ್ತದೆ. ಹಾಳೆಯ ಎರಡೂ ಮುಖಕ್ಕೆ ನೀರು ಸವರಿ ಹಲಗೆಗೆ ಅಂಟಿಸಿ, 8ರ ಬ್ರಷ್ಷನ್ನೇ ಬಳಸಿ, ಚಿತ್ರವನ್ನು ಅಂಗೈಗಿಂತ ದೊಡ್ಡದು ಮಾಡಬೇಡಿ. ಅಂಚು ಕಟ್ಟಿದ ಮೇಲೆ ಅದನ್ನು ಉಜ್ಜುವುದು ಇನ್ನೂ ಕೆಟ್ಟದ್ದು.

ಬಿಳಿ ಹಕ್ಕಿ. ಬೆಳ್ಳಕ್ಕಿಗೆ ಬಣ್ಣ ಹಚ್ಚಬಾರದು, ಅದರ ಸುತ್ತಲಿನ ಜೊಂಡು, ನೀರಿಗೆ ಹಚ್ಚಬೇಕು. ಹಿನ್ನೆಲೆ ಗಾಢವಾದಷ್ಟೂ ಹಾಳೆಯ ಬಿಳುಪೇ ಹಕ್ಕಿಯಾಗುತ್ತದೆ. ನೆರಳಿಗೆ ಅಲ್ಟ್ರಾಮರೀನ್‌ಗೆ ಸಾಸಿವೆಯಷ್ಟು ಬರ್ಂಟ್ ಸಿಯೆನ್ನಾ, ತುಂಬ ನೀರು. ಹೊಟ್ಟೆಯ ಕೆಳಗೆ ನೆಲದ ಬೆಳಕು ಬೀಳುವ ಜಾಗಕ್ಕೆ ಯೆಲ್ಲೋ ಆಕರ್ ಒಂದು ತೆಳು ಸವರು. ಪೆನ್ಸಿಲ್ ಸೀಸವನ್ನೋ ಕಪ್ಪನ್ನೋ ನೀರಲ್ಲಿ ಕದಡಿ ನೆರಳು ಮಾಡಿದ್ದರಿಂದಲೇ ಬೆಳ್ಳಕ್ಕಿ ಬೂದಿಯಾದದ್ದು.

ರಾಜಹಂಸ. ಇದು ಗುಲಾಬಿ ಹಕ್ಕಿ ಎಂದುಕೊಂಡು ಹಚ್ಚುವುದೇ ತಪ್ಪು. ದೂರದಿಂದ ದೊಡ್ಡ ರಾಜಹಂಸ ಬಹುಪಾಲು ಬಿಳಿ, ಅದರ ಮೇಲೆ ಗುಲಾಬಿಯ ಛಾಯೆ. ರೋಸ್‌ಗೆ ಚೂರು ಆಕರ್ ಸೇರಿಸಿ, ಹಾಳೆಯ ಮೇಲೆ ಕಂಡೂ ಕಾಣದಷ್ಟು ತೆಳು ಮಾಡಿ. ಕಡುಗೆಂಪು ಮಡಿಸಿದ ರೆಕ್ಕೆಯ ಹೊದಿಕೆ ಗರಿಗಳಲ್ಲಿ ಅಲ್ಲಲ್ಲಿ ಇಣುಕುತ್ತದೆ. ಹಾರುವಾಗ ಅದೇ ಕೆಂಪು ಕಪ್ಪು ಹಾರುಗರಿಗಳ ಪಕ್ಕ ಬೆಂಕಿಯಂತೆ ತೆರೆದುಕೊಳ್ಳುತ್ತದೆ. ಕೊಕ್ಕಿನ ತುದಿ ಕಪ್ಪು. ಹಿಂಡಿನಲ್ಲಿ ಬೂದುಗಂದು ಹಕ್ಕಿಗಳು ಕಂಡರೆ ಅವು ಮರಿಗಳು, ಅವಕ್ಕೆ ಗುಲಾಬಿ ಹಚ್ಚಬೇಡಿ.

ಕಪ್ಪು. ಅಲ್ಟ್ರಾಮರೀನ್ ಎರಡು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು, ನೀರು ಕಡಿಮೆ. ಕಾಜಾಣಕ್ಕೆ, ನೀರುಕಾಗೆಗೆ ಇದೇ. ಬೆಳಕು ಬಿದ್ದ ಕಡೆ ನೀಲಿ ಹೆಚ್ಚು ಮಾಡಿ.

ಮಿಂಚುಳ್ಳಿಯ ನೀಲಿ. ಬಿಳಿ ಎದೆಯ ಮಿಂಚುಳ್ಳಿಯ ಬೆನ್ನಿಗೆ ಥ್ಯಾಲೋ ಬ್ಲೂ ಜೊತೆ ಚಿಟಿಕೆ ಲೆಮನ್ ಯೆಲ್ಲೋ. ಆ ನೀಲಿ ಗರಿಯ ರಚನೆಯಿಂದ ಹುಟ್ಟುವ ಬಣ್ಣ, ಬೆಳಕು ಸರಿದಂತೆ ಬದಲಾಗುತ್ತದೆ. ಒಂದೇ ಸವರಿಗೆ ಹಚ್ಚಿ ಬಿಟ್ಟು ಬಿಡಿ, ಮೇಲೆ ಮೇಲೆ ಹಚ್ಚಿದರೆ ಹೊಳಪು ಸಾಯುತ್ತದೆ. ತಲೆಯ ಕಂದಿಗೆ ಬರ್ಂಟ್ ಸಿಯೆನ್ನಾಕ್ಕೆ ತುಸು ಅಲ್ಟ್ರಾಮರೀನ್. ಎರಡು ಬಣ್ಣ ಸೇರುವಲ್ಲಿ ಕೂದಲೆಳೆಯಷ್ಟು ಒಣ ಹಾಳೆ ಬಿಡಿ, ಇಲ್ಲದಿದ್ದರೆ ಒಂದಕ್ಕೊಂದು ಹರಿದು ಕೆಸರಾಗುತ್ತದೆ.

## ಹಂತ 9: ನೆಲ ಮತ್ತು ನೀರು

ಎರೆಮಣ್ಣಿಗೆ ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್. ಹಸಿ ಕೆಸರು ಆಕಾಶವನ್ನು ತೋರಿಸುತ್ತದೆ, ಆದ್ದರಿಂದ ಅದು ಒಣ ಮಣ್ಣಿಗಿಂತ ಕೆಲವು ಕಡೆ ತಿಳಿಯಾಗಿಯೇ ಕಾಣುತ್ತದೆ. ಪ್ರತಿಬಿಂಬ ಕಾಲು ನೀರನ್ನು ಮುಟ್ಟುವಲ್ಲಿಂದ ಶುರುವಾಗಿ ನೇರ ಕೆಳಗೇ ಇಳಿಯಬೇಕು, ಓರೆ ಆಗಬಾರದು. ಬಿಳಿ ಹಕ್ಕಿಯ ಪ್ರತಿಬಿಂಬ ಹಕ್ಕಿಗಿಂತ ಒಂದು ಛಾಯೆ ಗಾಢ, ಕಪ್ಪು ಹಕ್ಕಿಯದು ಒಂದು ಛಾಯೆ ತಿಳಿ. ನೆರಳನ್ನು ಪ್ರತಿಬಿಂಬ ಎಂದು ತಿಳಿದು ಎರಡನ್ನೂ ಒಂದೇ ದಿಕ್ಕಿಗೆ ಹಾಕುವವರಿದ್ದಾರೆ. ನೆರಳು ಸೂರ್ಯನ ಎದುರು ದಿಕ್ಕಿಗೆ ಬೀಳುತ್ತದೆ, ಪ್ರತಿಬಿಂಬ ನಿಮ್ಮ ಕಡೆಗೆ.

ಖಾನಾಪುರ, ಭೀಮಗಡದ ಕಾಡಿನಲ್ಲಿ ಮಂಗಟ್ಟೆ ಬರೆಯುವವರಿಗೆ ಲೆಕ್ಕ ಉಲ್ಟಾ. ಅಲ್ಲಿ ಬೆಳಕು ಕಡಿಮೆ, ತೇವಕ್ಕೆ ಬಣ್ಣ ಒಣಗುವುದೇ ಇಲ್ಲ. ಪೆನ್ಸಿಲ್ ಮತ್ತು ಟಿಪ್ಪಣಿ ಮಾತ್ರ ಮಾಡಿಕೊಂಡು ಬಂದು ಬಣ್ಣ ಮನೆಯಲ್ಲಿ ಹಚ್ಚುವುದೇ ಸರಿ.

## ಹಂತ 10: ಮನೆಗೆ ಬಂದ ಮೇಲೆ

ಅದೇ ದಿನ, ಊಟಕ್ಕೆ ಮೊದಲು, ಟಿಪ್ಪಣಿ ನೋಡಿ ಬಣ್ಣಗಳನ್ನು ಬೇರೆ ಹಾಳೆಯ ಮೇಲೆ ಕಲಸಿ ಚೌಕಗಳಾಗಿ ಹಚ್ಚಿಟ್ಟುಕೊಳ್ಳಿ. ಮಾರನೆಯ ದಿನ ನೆನಪು ಮೊಬೈಲ್ ಚಿತ್ರದ ಬಣ್ಣಕ್ಕೆ ಜಾರಿರುತ್ತದೆ. ಹತ್ತು ಅರೆಚಿತ್ರಗಳಲ್ಲಿ ಪಾದ ತೂಗುಗೆರೆಗೆ ಸರಿಬಿದ್ದದ್ದನ್ನು ಆರಿಸಿ ದೊಡ್ಡ ಹಾಳೆಗೆ ಇಳಿಸಿ. ಚೆಂದ ಬಂದದ್ದನ್ನಲ್ಲ, ನಿಂತದ್ದನ್ನು ಆರಿಸಬೇಕು. ಮುಗಿಸುವಾಗ ಹಕ್ಕಿಯ ತಲೆಯ ಸುತ್ತ ಮಾತ್ರ ಅಂಚು ಚೂಪಾಗಿರಲಿ, ಬಾಲ, ಬೆನ್ನಿನ ಅಂಚು ಒದ್ದೆ ಬ್ರಷ್ಷಿನಿಂದ ಅಲ್ಲಲ್ಲಿ ಮೆದುವಾಗಲಿ. ಬಿಳಿ ಗ್ವಾಷಿನ ಚುಕ್ಕೆಯನ್ನು ಬೆಳಕು ಬಂದ ಕಡೆಗೆ ಕಣ್ಣಿನಲ್ಲಿ ಇಡಿ.

ಹಾಳೆಯ ಹಿಂದೆ ಹಕ್ಕಿಯ ಹೆಸರು, ಊರು, ತಾರೀಖು, ಹೊತ್ತು, ನೀರಿನ ಮಟ್ಟ, ಹಿಂಡಿನಲ್ಲಿ ಎಷ್ಟಿದ್ದವು ಎಂದು ಬರೆಯಿರಿ. ಹೆಸರು ಖಚಿತವಿಲ್ಲದಿದ್ದರೆ ಊಹೆ ಬರೆಯದೆ, ಕೊಕ್ಕು, ಕಾಲು, ರೆಕ್ಕೆಪಟ್ಟೆಗಳ ಬಣ್ಣ ಬರೆದಿಡಿ. ಗೂಡಿನ ಜಾಗವನ್ನು ಮಾತ್ರ ಚಿತ್ರದ ಜೊತೆ ಆನ್‌ಲೈನ್‌ನಲ್ಲಿ ಹಾಕಬೇಡಿ.